ಅಸಲು, ಬಡ್ಡಿ ಮತ್ತು ತಿಮ್ಮಪ್ಪ

ತಿಪಟೂರಿನ ಕಡೆಯ ನಮ್ಮ ಮನೆಯ ದೇವರಕೋಣೆಯಲ್ಲಿ, ಎಣ್ಣೆ ಕುಡಿಕೆಯ ಪಕ್ಕ, ಒಂದು ಬೋರ್ನ್‌ವಿಟಾ ಡಬ್ಬವಿದೆ. ಅದರಲ್ಲಿ ಬೋರ್ನ್‌ವಿಟಾ ಇದ್ದದ್ದನ್ನು ನಾನಂತೂ ಕಂಡಿಲ್ಲ. ನನಗೆ ಬುದ್ಧಿ ಬಂದಾಗಿನಿಂದ (ಬಂದಿದೆಯೇ ಎಂಬುದರ ಬಗ್ಗೆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ) ಅದು ಅಮ್ಮನ ಮುಡಿಪಿನ ಡಬ್ಬ. ಯಾರಿಗಾದರೂ ಜ್ವರ ಏರಿದರೆ, ಹಸು ಮೇವು ಬಿಟ್ಟರೆ, ಕೊನೆಯ ಬಸ್ಸಿಗೂ ಅಪ್ಪ ಇಳಿಯದಿದ್ದರೆ, ಅಮ್ಮ ಕೈಕಾಲು ತೊಳೆದು ಅರಿಸಿನದ ಬಟ್ಟೆಗೆ ಒಂದು ನಾಣ್ಯ ಹಾಕಿ, ‘ತಿಮ್ಮಪ್ಪಾ, ನೀನೇ ನೋಡ್ಕೊ’ ಎಂದು ಗಂಟು ಬಿಗಿಯುತ್ತಾರೆ. ಯಾತಕ್ಕೆಂದು ಮರೆಯಬಾರದಲ್ಲ, ಒಳಗೊಂದು ಚೀಟಿ.

ಹೋದ ವರ್ಷ ಅಮ್ಮನಿಗೆ 75 ತುಂಬಿತು. ‘ಬಾಕಿ ಇಟ್ಟುಕೊಂಡು ಹೋಗಬಾರದು ಕಣೋ’ ಎಂದರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ತಿರುಪತಿಗೆ ಟಿಕೆಟ್ ಮಾಡಿಸಿ, ಒಂದು ಭಾನುವಾರ ಡಬ್ಬ ಕವುಚಿದೆವು. ಒಟ್ಟು 41 ಗಂಟು.

ಮೊದಲನೆಯದೇ ನನ್ನದು. ‘1993, ದೊಡ್ಡವನು, ಲೆಕ್ಕ.’ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ 38 ಬಂದಿತ್ತು. ಪಾಸಾಗಲು 35 ಸಾಕಿತ್ತು. ಮೇಲಿನ ಮೂರು ನನ್ನ ಪ್ರತಿಭೆ ಎಂದು ಮೂವತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಬಟ್ಟೆ ಬಿಚ್ಚಿದರೆ ಒಂದು ನಾಲ್ಕಾಣೆ ಉರುಳಿತು. ಅದೂ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡ ನಾಲ್ಕಾಣೆ. ನನ್ನ ಗಣಿತಕ್ಕೆ ಸರಿಯಾದ ಬೆಲೆಯೇ, ಪಾಪ.

ಅಪ್ಪ ಅರ್ಧ ನಾಸ್ತಿಕರು. ಪೂಜೆಯ ಹೊತ್ತಿಗೆ ನಾಸ್ತಿಕರು, ಪ್ರಸಾದದ ಹೊತ್ತಿಗಲ್ಲ. ಅವರ ಹೆಸರಿನಲ್ಲಿ ಒಂಬತ್ತು ಗಂಟುಗಳಿದ್ದವು. ಮೂತ್ರಕೋಶದ ಕಲ್ಲಿನ ಚೀಟಿ ಓದಿದಾಗ ತಡೆಯಲಾರದೆ, ‘ಅದು ಹೋದದ್ದು ಬಾಳೆದಿಂಡಿನ ರಸದಿಂದ’ ಎಂದರು. ‘ಬಾಳೆಗೆ ಆ ಗುಣ ಇಟ್ಟವರು ಯಾರು? ನಿಮ್ಮಪ್ಪನೇ?’ ಎಂದರು ಅಮ್ಮ. ಬೋರ್‌ವೆಲ್ಲಿನದೂ ಹಾಗೆಯೇ. ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ನಿಂತ ಎರಡು ಕಡೆ ಕೊರೆಸಿ, ಎರಡರಲ್ಲೂ ಬರೀ ದೂಳು ಕುಡಿದ ಅಪ್ಪ, ಮೂರನೆಯದು ಅಮ್ಮ ತೋರಿಸಿದ ಜಾಗದಲ್ಲಿ ಕೊರೆಸಿದ್ದರು. 480 ಅಡಿಗೆ ನೀರು ಬಂತು. ತೆಂಗಿನ ತೋಟ ಉಳಿಯಿತು; ನಮ್ಮ ಕಾಲೇಜು ಫೀಸು ಹುಟ್ಟಿದ್ದು ಆ ಕೊಬ್ಬರಿಯಿಂದ. ಆ ಚೀಟಿ ಓದುವಾಗ ಅಪ್ಪ ಬಾಳೆದಿಂಡಿನ ಮಾತೆತ್ತಲಿಲ್ಲ.

ತಂಗಿಯ ಹೆರಿಗೆಯ ಗಂಟಿನಲ್ಲಿ ಹಳೆಯ ಐನೂರರ ನೋಟು. ‘2016ರಲ್ಲಿ ಬ್ಯಾಂಕಿಗೆ ಕೊಡಬಾರದಿತ್ತೇ?’ ಎಂದೆ. ‘ದೇವರ ದುಡ್ಡನ್ನು ಕ್ಯೂನಲ್ಲಿ ನಿಲ್ಲಿಸೋದೇ?’ ಎಂದರು. ಆ ದೇವರನ್ನು ನೋಡಲು ನಾವು ಎಷ್ಟು ಹೊತ್ತು ಕ್ಯೂ ನಿಲ್ಲುತ್ತೇವೆ ಎಂಬುದು ಬೇರೆ ಮಾತು.

ಕೆಲವು ಚೀಟಿಗಳಲ್ಲಿ ಹರಕೆ ಹೊತ್ತವರು ಅಮ್ಮ, ತೀರಿಸಬೇಕಾದವರು ನಾವು. ತಮ್ಮನಿಗೆ ಕೆಲಸ ಸಿಕ್ಕರೆ ತಮ್ಮ ಅಲಿಪಿರಿಯಿಂದ ನಡೆದು ಬೆಟ್ಟ ಹತ್ತುತ್ತಾನಂತೆ. 3,550 ಮೆಟ್ಟಿಲು! ಆಫೀಸಿನ ಲಿಫ್ಟು ಕೆಟ್ಟರೆ ಮನೆಯಿಂದಲೇ ಕೆಲಸ ಮಾಡುವ ಅವನಿಗೆ ಈ ಒಪ್ಪಂದ ತಿಳಿದದ್ದು ಅವತ್ತೇ. ನನ್ನದು ಇನ್ನೂ ಗಂಭೀರ. ನಾಲ್ಕಾಣೆಯ ಚೀಟಿಯ ಹಿಂಬದಿಯಲ್ಲಿ ‘ಪಾಸಾದರೆ ಮುಡಿ’ ಎಂದಿತ್ತು. ತಿಮ್ಮಪ್ಪ ಬಡ್ಡಿಕಾಸಿನವನು. ಮದುವೆಗೆಂದು ಕುಬೇರನಲ್ಲಿ ಎತ್ತಿದ ಸಾಲವನ್ನೇ ಇನ್ನೂ ತೀರಿಸುತ್ತಿದ್ದಾನೆ ಎನ್ನುತ್ತಾರೆ. ಸಾಲಗಾರನ ಕಷ್ಟ ಬಲ್ಲವನು, ಆದರೂ ವಸೂಲಿ ಬಿಡುವವನಲ್ಲ. ತಿರುಪತಿಗೆ ಹೋದಾಗ ಕಲ್ಯಾಣಕಟ್ಟೆಯಲ್ಲಿ ಕ್ಷೌರಿಕ ನನ್ನ ತಲೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಬಡ್ಡಿ ಹಾಗಿರಲಿ, ಅಸಲೇ ಉಳಿದಿರಲಿಲ್ಲ.

ನಮ್ಮ ಚಿಕ್ಕಮ್ಮನದು ಬೇರೆ ದಾರಿ. ಉಜಿರೆಯ ಹತ್ತಿರ ಸೂರ್ಯ ಎಂಬಲ್ಲಿ ಸದಾಶಿವ ರುದ್ರನ ಗುಡಿ ಇದೆ. ಏನು ಬೇಕೋ ಅದರ ಮಣ್ಣಿನ ಬೊಂಬೆ ಒಪ್ಪಿಸುತ್ತಾರೆ. ಚಿಕ್ಕಮ್ಮ ಮಣ್ಣಿನ ಮನೆ ಒಪ್ಪಿಸಿದರು, ಮನೆಯೂ ಆಯಿತು. ಕಂತು ಮಾತ್ರ ಚಿಕ್ಕಪ್ಪ ಕಟ್ಟುತ್ತಿದ್ದಾರೆ.

ಡಬ್ಬದ ತಳದಲ್ಲಿದ್ದ ಒಂದು ಗಂಟಿನಲ್ಲಿ ಚೀಟಿ ಇತ್ತು, ಅದರಲ್ಲಿ ಬರವಣಿಗೆ ಇರಲಿಲ್ಲ. ಮಸಿ ಅಳಿಸಿರಬೇಕೆಂದು ಬೆಳಕಿಗೆ ಹಿಡಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, ‘ಅದಾ? ಆ ವರ್ಷ ಮನೇಲಿ ಏನೂ ಆಗಲಿಲ್ಲ. ಅದಕ್ಕೇ’ ಎಂದು ಮುಂದಿನ ಗಂಟಿಗೆ ಕೈ ಹಾಕಿದರು. ಜ್ವರವಿಲ್ಲ, ಬರವಿಲ್ಲ, ಪರೀಕ್ಷೆಯಿಲ್ಲ, ಯಾರೂ ಬಿದ್ದಿಲ್ಲ, ಯಾರೂ ಹೋಗಿಲ್ಲ. ಆ ವರ್ಷ ಯಾವುದೆಂದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಆ ಗಂಟನ್ನು ಅಪ್ಪನೇ ಮತ್ತೆ ಕಟ್ಟಿದರು, ಎರಡು ಸುತ್ತು ಹೆಚ್ಚಾಗಿ.

ಹುಂಡಿಗೆ 41 ಗಂಟನ್ನೂ ಹಾಕಿದೆವು, ನಾಲ್ಕಾಣೆ, ರದ್ದಾದ ನೋಟು ಎಲ್ಲ ಸೇರಿ. ಚೀಟಿಗಳನ್ನು ಮಾತ್ರ ಅಮ್ಮ ಕೊಡಲಿಲ್ಲ. ತಮ್ಮ ಮೂರು ದಿನ ಕುಂಟಿದ. ಮನೆಗೆ ಬಂದ ಮೇಲೆ ಡಬ್ಬ ಖಾಲಿಯಾಯಿತಲ್ಲ, ಅಡುಗೆಮನೆಗೆ ಬಂದೀತು ಎಂದು ನನ್ನ ಹೆಂಡತಿ ಆಸೆಪಟ್ಟಳು. ಅಮ್ಮ ಅದನ್ನು ತೊಳೆದು, ಬಿಸಿಲಿಗಿಟ್ಟು, ಮತ್ತೆ ಎಣ್ಣೆ ಕುಡಿಕೆಯ ಪಕ್ಕವೇ ಇಟ್ಟಿದ್ದಾರೆ. ಮುಂದಿನ ತಿಂಗಳು ನನ್ನ ಮಗಳಿಗೆ ಹತ್ತನೆಯ ಕ್ಲಾಸಿನ ಗಣಿತ ಪರೀಕ್ಷೆ.