ಜಳ್ಳು ಮೀಮಾಂಸೆ: ಬಬ್ಬೂರು ಸೀಮೆಯ ಕಣದಲ್ಲಿ ಕೃತಕ ಬುದ್ಧಿಯ ಮೊರಪರೀಕ್ಷೆ

ಸಾರಾಂಶ

ಹಿನ್ನೆಲೆ: ಲೋಕದಲ್ಲಿ ಓದುವವರಿಗಿಂತ ಬರೆಯುವವರು ಹೆಚ್ಚಾದುದರಿಂದ, ಬರೆದದ್ದನ್ನೆಲ್ಲ ಒಬ್ಬರೇ ಓದಿ ಉಳಿದವರಿಗೆ ಒಂದು ಮಾತಿನಲ್ಲಿ ಹೇಳುವ 'ವ್ಯವಸ್ಥಿತ ಸಮೀಕ್ಷೆ' ಎಂಬ ಶಾಸ್ತ್ರ ಹುಟ್ಟಿತು. ಆ ಒಬ್ಬರಿಗೂ ಪುರುಸೊತ್ತಿಲ್ಲದ್ದರಿಂದ ಕೃತಕ ಬುದ್ಧಿಮತ್ತೆ ಬಂತು. ಸಾಮಗ್ರಿ: ಒಬ್ಬ ಅಳಿಯ, ಒಂದು ಲ್ಯಾಪ್‌ಟಾಪ್, ಒಬ್ಬ ಅಜ್ಜಿ, ಒಂದು ಮೊರ, ಆರು ಕೋಳಿ. ಫಲಿತಾಂಶ: ಕೋಳಿಗಳು ಗೆದ್ದವು. ತೀರ್ಮಾನ: ಈ ಬಗ್ಗೆ ಇನ್ನಷ್ಟು ಸಂಶೋಧನೆ ಆಗಬೇಕು. ಈ ತೀರ್ಮಾನವನ್ನು ಅಧ್ಯಯನ ಶುರುವಾಗುವ ಮೊದಲೇ ಬರೆದಿಡಲಾಗಿತ್ತು.

ಕೀಲಿಪದಗಳು: ಮೊರ, ಜಳ್ಳು, ಜಿಪ್ಸಂ, ಪಿಕಾಸಿ, ಮಾವ.

1. ಪೀಠಿಕೆ

ಹಿರಿಯೂರಿನ ಪಕ್ಕದ ಬಬ್ಬೂರು ವಿದ್ವತ್ತಿಗೆ ಹೊಸದಲ್ಲ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ವಲಯ ಸಂಶೋಧನಾ ಕೇಂದ್ರ ಇಲ್ಲಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಜನ ಎಲ್ಲವನ್ನೂ ಸೇರಿಸಿ 'ಬಬ್ಬೂರು ಫಾರಂ' ಎಂದುಬಿಡುತ್ತಾರೆ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ನಮ್ಮದು ಮಧ್ಯ ಒಣ ವಲಯ. ಮಳೆ ಕಡಿಮೆ, ಮಾತು ಹೆಚ್ಚು. ಸಮೀಕ್ಷೆಗೆ ಬೇಕಾದ ಕಚ್ಚಾಮಾಲು ಎರಡನೆಯದೇ ಆದ್ದರಿಂದ ಈ ಶಾಸ್ತ್ರಕ್ಕೆ ಇದಕ್ಕಿಂತ ಯೋಗ್ಯ ಕ್ಷೇತ್ರ ಸಿಗಲಾರದು.

ಶಾಸ್ತ್ರದ ವಂಶಾವಳಿ ಚುಟುಕಾಗಿ ಹೀಗಿದೆ. 1753ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗದ ಮೇಲೆ ಗ್ರಂಥ ಬರೆಯ ಹೊರಟು, ವಿಷಯಕ್ಕೆ ಬರುವ ಮೊದಲು ಹಿಂದಿನವರು ಸುರಿದ ಕಸವನ್ನು ಗುಡಿಸಬೇಕಾಯಿತೆಂದು ಅಲವತ್ತುಕೊಂಡ. 1904ರಲ್ಲಿ ಕಾರ್ಲ್ ಪಿಯರ್ಸನ್ ಟೈಫಾಯ್ಡ್ ಲಸಿಕೆಯ ಬೇರೆಬೇರೆ ಲೆಕ್ಕಗಳನ್ನು ಒಂದೇ ರಾಶಿಗೆ ಹಾಕಿ ಅಳೆದ. 1976ರಲ್ಲಿ ಜೀನ್ ಗ್ಲಾಸ್ ಅದಕ್ಕೆ 'ಮೆಟಾ ಅನಾಲಿಸಿಸ್' ಎಂದು ನಾಮಕರಣ ಮಾಡಿದ. 1993ರಲ್ಲಿ ಆರ್ಚಿ ಕಾಕ್ರೇನ್ ಹೆಸರಿನಲ್ಲಿ ಒಂದು ಜಾಗತಿಕ ಬಳಗವೇ ಕಣಕ್ಕಿಳಿಯಿತು. 2009ರಲ್ಲಿ 'ಪ್ರಿಸ್ಮಾ' ಎಂಬ 27 ಅಂಶಗಳ ನಿಯಮಪಟ್ಟಿ ಬಂತು, ಮುಂದೆ 'ಪ್ರಿಸ್ಮಾ 2020' ಎಂದು ಪರಿಷ್ಕೃತವಾಯಿತು.

ಪ್ರಿಸ್ಮಾದ ತಿರುಳು ಒಂದೇ. ಎಷ್ಟು ಕಾಳು ಸಿಕ್ಕಿತು ಎಂದರೆ ಸಾಲದು, ಎಷ್ಟು ಜಳ್ಳು ತೂರಿದೆ, ಯಾಕೆ ತೂರಿದೆ ಎಂಬ ಲೆಕ್ಕವನ್ನೂ ಕೊಡಬೇಕು. ಹಿಂದಿನ ಪಂಡಿತರು ತಮಗೆ ಬೇಕಾದ ನಾಲ್ಕು ಪುಸ್ತಕ ಓದಿ 'ಬಲ್ಲವರು ಹೀಗೆನ್ನುತ್ತಾರೆ' ಎಂದು ಮುಗಿಸುತ್ತಿದ್ದರು. ಬಲ್ಲವರು ಹಾಗೆನ್ನದ ಪುಸ್ತಕಗಳು ಎಲ್ಲಿ ಹೋದವು ಎಂದು ಕೇಳುವವರಿರಲಿಲ್ಲ. ಹೊಸ ಶಾಸ್ತ್ರ ಜಳ್ಳಿಗೂ ಜಮಾಖರ್ಚು ಕೇಳಿತು. ಪ್ರಸ್ತುತ ಪ್ರಬಂಧಕಾರನ ಮಟ್ಟಿಗೆ ಇದು ಮಾನವ ಇತಿಹಾಸದಲ್ಲಿ ಜಳ್ಳಿಗೆ ದೊರೆತ ಮೊದಲ ಮರ್ಯಾದೆ.

2. ಸಂಶೋಧನಾ ಪ್ರಶ್ನೆ

ಕೃಷಿ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗ ಒಂದು ಸಂಜೆ ಲ್ಯಾಪ್‌ಟಾಪ್ ಹೊತ್ತು ಬಂದ.

"ಮಾವ, ಪಿಕೋ ಬರೀಬೇಕು."

"ಪಿಕಾಸಿನಾ? ಕೊಟ್ಟಿಗೇಲಿದೆ, ತಗೊಂಡೋಗು."

ಪಿಕೋ ಎಂದರೆ ಪ್ರಶ್ನೆಯನ್ನು ನಾಲ್ಕು ಹೋಳು ಮಾಡುವ ವಿಧಾನವಂತೆ: ಯಾರಿಗೆ, ಏನು ಮಾಡಿದರೆ, ಏನು ಮಾಡದಿರುವುದಕ್ಕೆ ಹೋಲಿಸಿ, ಏನಾಗುತ್ತದೆ. ಹೋಳು ಮಾಡುವುದೇ ಆದರೆ ಪಿಕಾಸಿ ಎಂದದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನ ಪ್ರಶ್ನೆ: ಕೆಂಪು ಮಣ್ಣಿನ ಶೇಂಗಾಕ್ಕೆ, ಜಿಪ್ಸಂ ಹಾಕಿದರೆ, ಹಾಕದ ಹೊಲಕ್ಕೆ ಹೋಲಿಸಿ, ಜಳ್ಳುಕಾಯಿ ಕಡಿಮೆಯಾಗುತ್ತದೆಯೆ?

ಶೇಂಗಾ ವಿಚಿತ್ರ ಗಿಡ. ಮೇಲೆ ಹೂ ಬಿಟ್ಟು, ಹೂವಿನ ಬುಡದ ಸೂಜಿಯನ್ನು ಮಣ್ಣಿಗಿಳಿಸಿ, ಒಳಗೆ ಕಾಯಿ ಕಟ್ಟುತ್ತದೆ. ಆ ಕಾಯಿಗೆ ಬೇಕಾದ, ಜಿಪ್ಸಂನಲ್ಲಿರುವ ಸುಣ್ಣದಂಶ ಬೇರಿನಿಂದ ಎಲೆಗೇರಿ ಮತ್ತೆ ಕೆಳಗಿಳಿದು ಬರುವುದಿಲ್ಲ, ಸುತ್ತಲಿನ ಮಣ್ಣಿನಿಂದ ಕಾಯಿಯೇ ನೇರವಾಗಿ ಹೀರಬೇಕು. ಮಣ್ಣಿನಲ್ಲಿಲ್ಲದಿದ್ದರೆ ಸಿಪ್ಪೆ ದುಂಡಗಿರುತ್ತದೆ, ಒಳಗೆ ಬೀಜವಿರುವುದಿಲ್ಲ. ಅನೇಕ ಸಂಶೋಧನಾ ಲೇಖನಗಳ ದೇಹರಚನೆಯೂ ಹೀಗೆಯೇ ಇರುವುದರಿಂದ ವಿಷಯಕ್ಕೂ ವಿಧಾನಕ್ಕೂ ಅಪೂರ್ವ ಸಾಮರಸ್ಯ ಒದಗಿತು.

3. ಹುಡುಕಾಟ

ಬರೀ ಇಂಗ್ಲಿಷಿನಲ್ಲಿ ಹುಡುಕಿದರೆ ಪಕ್ಷಪಾತವಾಗುತ್ತದೆಂದು ಕನ್ನಡದಲ್ಲೂ ಹುಡುಕಿದೆವು. 'ಬಬ್ಬೂರು' ಎಂದು ಹೊಡೆದೊಡನೆ ಸಂಶೋಧನಾ ಕೇಂದ್ರದ ಜೊತೆಗೆ ಬಬ್ಬೂರುಕಮ್ಮೆ ವಧೂವರರ ಜಾಹೀರಾತುಗಳು ಗುಡ್ಡೆ ಬಿದ್ದವು. ಲ್ಯಾಪ್‌ಟಾಪಿನೊಳಗಿನ ಯಂತ್ರ ಅವುಗಳನ್ನು ಕೈಬಿಡಲು ಒಪ್ಪಲಿಲ್ಲ. ಸೂಕ್ಷ್ಮವಾಗಿ ನೋಡಿದರೆ ಯಂತ್ರದ ಮಾತಿನಲ್ಲಿ ಹುರುಳಿತ್ತು. ಸೇರ್ಪಡೆಯ ಮಾನದಂಡ, ಸಗೋತ್ರವಾದರೆ ಕೈಬಿಡುವ ನಿಯಮ, ಮೊದಲು ಸಾರಾಂಶ ಅಂದರೆ ಜಾತಕ, ಆಮೇಲೆ ಪೂರ್ಣಪಾಠ ಅಂದರೆ ಹೆಣ್ಣು ನೋಡುವ ಶಾಸ್ತ್ರ: ಪ್ರಿಸ್ಮಾಕ್ಕೆ ಎಷ್ಟೋ ಕಾಲ ಮೊದಲೇ ನಮ್ಮ ಸೋದರತ್ತೆಯರು ವ್ಯವಸ್ಥಿತ ಸಮೀಕ್ಷೆ ನಡೆಸುತ್ತಿದ್ದರು. ಕೈಬಿಟ್ಟದ್ದಕ್ಕೆ ಕಾರಣವನ್ನು ಬರೆದಿಡುತ್ತಿರಲಿಲ್ಲ, ಊರಿಗೆಲ್ಲ ಹೇಳುತ್ತಿದ್ದರು.

ಮುಂದೆ ಬೆಳೆಯ ಹೆಸರು. ಇಲ್ಲಿ ಶೇಂಗಾ, ಬೆಂಗಳೂರಿನ ಕಡೆ ಕಡಲೆಕಾಯಿ, ಪಠ್ಯಪುಸ್ತಕದಲ್ಲಿ ನೆಲಗಡಲೆ. ಪದದ ಬಾಲ ಕತ್ತರಿಸಿ ಹುಡುಕಿದರೆ ಎಲ್ಲ ರೂಪಗಳೂ ಸಿಗುತ್ತವೆಂದು ಅಳಿಯ 'ಕಡಲ' ಎಂದಷ್ಟೇ ಕೊಟ್ಟ. ಕಡಲೆಕಾಯಿ ಬಂತು, ಹಸಿಕಡಲೆ ಬಂತು, ಪುಟಾಣಿ ಬಂತು, ಹಿಂದೆಯೇ ಅರಬ್ಬಿ ಸಮುದ್ರ ಬಂತು, ಕೊನೆಗೆ ಕಡಲ ತೀರದ ಭಾರ್ಗವರೆಂದು ಹೆಸರಾದ ಶಿವರಾಮ ಕಾರಂತರೇ ಬಂದರು. ಜಿಪ್ಸಂ ಬಗ್ಗೆ ಕಾರಂತರ ಅಭಿಪ್ರಾಯವೇನೆಂದು ಯಂತ್ರವನ್ನು ಕೇಳುವ ದುರ್ಬುದ್ಧಿಯನ್ನು ಪ್ರಯತ್ನಪೂರ್ವಕ ತಡೆದುಕೊಂಡೆವು. ಕೇಳಿದ್ದರೆ ಅದು ಹೇಳಿಯೇಬಿಡುತ್ತಿತ್ತು.

4. ನಕಲು ನಿವಾರಣೆ

ಒಂದೇ ಪ್ರಯೋಗ ಮೊದಲು ಮಹಾಪ್ರಬಂಧವಾಗಿ, ಆಮೇಲೆ ಸಮ್ಮೇಳನದ ಸಾರಾಂಶವಾಗಿ, ಕೊನೆಗೆ ಪತ್ರಿಕೆಯ ಲೇಖನವಾಗಿ ಮೂರು ವೇಷದಲ್ಲಿ ಬರುತ್ತದೆ. ಒಂದೇ ಎಮ್ಮೆಯನ್ನು ಮೂರು ಬಾಗಿಲಲ್ಲಿ ಎಣಿಸಿದರೆ ಊರಿಗೆಲ್ಲ ಹಾಲಿನ ಹೊಳೆ ಹರಿದಂತೆ ಕಾಣುತ್ತದೆ. ಇದು ಬರೀ ತಮಾಷೆಯಲ್ಲ. ವಾಂತಿ ತಡೆಯುವ ಒಂಡ್ಯಾನ್ಸೆಟ್ರಾನ್ ಔಷಧದ ಪ್ರಯೋಗಗಳನ್ನು 1997ರಲ್ಲಿ ತಡಕಿದವರು, ಎರಡೆರಡು ಸಲ ಅಚ್ಚಾದ ರೋಗಿಗಳ ಲೆಕ್ಕದಿಂದ ಔಷಧದ ಗುಣ ಶೇ. 23ರಷ್ಟು ಉಬ್ಬಿಕೊಂಡಿದ್ದನ್ನು ಕಂಡರು. ಈ ಕೆಲಸದಲ್ಲಿ ಯಂತ್ರ ನಿಜಕ್ಕೂ ಚುರುಕು. ಇಡೀ ರಾತ್ರಿ ಕೂತರೂ ನಮಗೆ ಮುಗಿಯದ ಎಣಿಕೆಯನ್ನು ಕಾಫಿ ಆರುವುದರೊಳಗೆ ಮುಗಿಸಿತು. ಪ್ರಬಂಧಕಾರ ಇಲ್ಲಿ ಅಣಕವನ್ನು ಒಂದು ನಿಮಿಷ ಬದಿಗಿಟ್ಟು ನಮಸ್ಕರಿಸುತ್ತಾನೆ.

5. ಕೇರುವಿಕೆ

ನಿಯಮದಂತೆ ಇಬ್ಬರು ಪರೀಕ್ಷಕರು ಒಬ್ಬರದನ್ನೊಬ್ಬರು ನೋಡದೆ ಪ್ರತಿ ಲೇಖನವನ್ನೂ 'ಬೇಕು', 'ಬೇಡ' ಎಂದು ಗುರುತಿಸಬೇಕು. ಅವರ ಒಮ್ಮತವನ್ನು 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ 'ಕಪ್ಪಾ' ಎಂಬ ಅಳತೆಯಲ್ಲಿ ಅಳೆಯಬೇಕು. ಹೆಸರಿನಲ್ಲಿ ನಮ್ಮ ಜಿಲ್ಲೆ ಚಿತ್ರದುರ್ಗ ಇದ್ದದ್ದನ್ನೆಲ್ಲ ನಾನು ಅಭಿಮಾನದಿಂದ ಉಳಿಸಿಕೊಂಡೆ. ಎಂಟು ಪುಟ ಮೀರಿದ್ದನ್ನೆಲ್ಲ ಅಳಿಯ ಸಂಕಟದಿಂದ ಕೈಬಿಟ್ಟ. ಕಪ್ಪಾ ಸೊನ್ನೆಗಿಂತ ಕೆಳಗಿಳಿಯಿತು. ನಾಣ್ಯ ಚಿಮ್ಮಿದ್ದರೂ ನಮ್ಮಿಬ್ಬರಿಗಿಂತ ಹೆಚ್ಚು ಒಮ್ಮತ ಮೂಡುತ್ತಿತ್ತು.

ಆಗ ಕೇರುವುದಕ್ಕೂ ಯಂತ್ರವನ್ನೇ ಕಣಕ್ಕಿಳಿಸಿದೆವು. ಕತಾರಿನಲ್ಲಿ ಹುಟ್ಟಿದ 'ರಯ್ಯಾನ್' ಇದೆ, ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಮುಕ್ತವಾಗಿ ಹಂಚಿದ 'ಎಎಸ್‌ರಿವ್ಯೂ' ಇದೆ. ಇಂಥವುಗಳ ಮರ್ಮ ಸರಳ. ನಾವು ಕೆಲವನ್ನು ಬೇಕು ಬೇಡ ಎಂದು ತೋರಿಸಿದರೆ ಅವು ನಮ್ಮ ರುಚಿ ಕಲಿತು, ಉಳಿದವುಗಳಲ್ಲಿ ಬೇಕಾಗಬಹುದಾದದ್ದನ್ನು ರಾಶಿಯ ಮೇಲಕ್ಕೆ ತರುತ್ತವೆ. ಪ್ರತಿ ಉತ್ತರಕ್ಕೂ ರಾಶಿ ಮತ್ತೆ ಜೋಡಣೆಯಾಗುತ್ತದೆ. ಮೊರದ ಸೂತ್ರವೂ ಇದೇ. ಪ್ರತಿ ಏಟಿಗೂ ಗಟ್ಟಿಕಾಳು ಹಿಂದೆ, ಹೊಟ್ಟು ಮುಂದೆ. ಅಂಚಿಗೆ ಬಂದದ್ದನ್ನು ಮಾತ್ರ ಕಣ್ಣಿಟ್ಟು ನೋಡಿದರಾಯಿತು.

ತೊಡಕೇನೆಂದರೆ ಯಂತ್ರ ಕಲಿತದ್ದು ಶಾಸ್ತ್ರವನ್ನಲ್ಲ, ನನ್ನನ್ನು. ನನ್ನ ಅಭಿಮಾನವನ್ನು ಹೀರಿಕೊಂಡು ಮೊದಲು ಏಳುಸುತ್ತಿನ ಕೋಟೆಯ ಕಲ್ಲಿನ ಅಧ್ಯಯನಗಳನ್ನು ಮೇಲೆ ತಂದಿತು, ಆಮೇಲೆ ಮದಕರಿ ನಾಯಕನನ್ನು. ಮೂರನೆಯ ಸುತ್ತಿಗೆ ಒನಕೆ ಓಬವ್ವನನ್ನು 'ಕೊಯ್ಲೋತ್ತರ ಉಪಕರಣಗಳು' ವಿಭಾಗಕ್ಕೆ ಸೇರಿಸಿತು.

6. ನಿಲುಗಡೆಯ ನಿಯಮ

ಶಾಸ್ತ್ರದ ಅತಿ ಕಠಿಣ ಪ್ರಶ್ನೆ ಇದು: ಎಲ್ಲಿಗೆ ನಿಲ್ಲಿಸಬೇಕು? ನಿಲ್ಲಿಸದಿದ್ದರೆ ಆಯುಷ್ಯ ಸಾಲದು. ಒಂದು ಸಮೀಕ್ಷೆ ನೋಂದಣಿಯಿಂದ ಪ್ರಕಟಣೆಗೆ ಬರಲು ಸರಾಸರಿ 67 ವಾರ ಹಿಡಿಯುತ್ತದೆಂದು 2017ರಲ್ಲಿ ಎಣಿಸಿದವರಿದ್ದಾರೆ. ಅಷ್ಟರಲ್ಲಿ, ಮಳೆರಾಯ ಒಪ್ಪಿದರೆ, ನಾಲ್ಕು ಸಲ ಶೇಂಗಾ ಕಿತ್ತು ಮಾರಬಹುದು. ಬೇಗ ನಿಲ್ಲಿಸಿದರೋ, ಇಡೀ ತೀರ್ಮಾನವನ್ನು ಬುಡಮೇಲು ಮಾಡುವ ಒಂದೇ ಒಂದು ಲೇಖನ ಹೊಟ್ಟಿನಲ್ಲಿ ಉಳಿದುಬಿಡಬಹುದು. 'ಸತತವಾಗಿ ಇಷ್ಟು ಜಳ್ಳು ಬಂದರೆ ನಿಲ್ಲಿಸಿ' ಎಂದು ಕೆಲವರು ಹೇಳುತ್ತಾರೆ. ಇಷ್ಟು ಎಂದರೆ ಎಷ್ಟು ಎಂಬಲ್ಲಿ ವಿದ್ವಾಂಸರು ಜಗಳವಾಡುತ್ತಾರೆ.

ಅದೇ ಹೊತ್ತಿಗೆ ನಮ್ಮ ಅವ್ವ, ಅಂದರೆ ಅಳಿಯನ ಅಜ್ಜಿ, ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಕೇರಿದ ಹೊಟ್ಟನ್ನು ಪಕ್ಕಕ್ಕೆ ಸುರಿದು ಕೋಳಿಗಳನ್ನು ನೋಡುತ್ತ ಕೂತಳು.

"ಅಜ್ಜಿ, ಆಯ್ತಲ್ಲ, ಎದ್ದೇಳು."

"ತಡಿಯಲಾ. ಕೋಳಿ ಇನ್ನೂ ಕೆದಕ್ತಾ ಅವೆ. ಅಂದ್ರೆ ಕಾಳು ಹೊಟ್ಟಿಗೆ ಹೋಗ್ಯದೆ. ಇನ್ನೊಂದ್ ಸಲ ಕೇರ್ಬೇಕು."

ಮತ್ತೊಮ್ಮೆ ಕೇರಿದಳು. ಈ ಸಲ ಕೋಳಿಗಳು ಎರಡು ಸಲ ಕೆದಕಿ, ತಲೆ ಓರೆ ಮಾಡಿ ನೋಡಿ, ಬೇಲಿಯತ್ತ ನಡೆದವು. ಅವ್ವ ಮೊರ ಗೋಡೆಗೆ ಆನಿಸಿದಳು.

ಅಳಿಯ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತು ಕೋಳಿಗಳನ್ನೇ ನೋಡಿದ. ಬೇಡವೆಂದು ಬಿಟ್ಟದ್ದರಿಂದ ಒಂದು ಹಿಡಿ ತೆಗೆದು, ಹಸಿದ ಮೂರನೆಯವರ ಮುಂದೆ ಚೆಲ್ಲಿ ನೋಡುವುದಕ್ಕಿಂತ ಮಿಗಿಲಾದ ನಿಲುಗಡೆಯ ನಿಯಮ ಅವನಿಗೆ ಅಲ್ಲಿಯತನಕ ಸಿಕ್ಕಿರಲಿಲ್ಲ. ಪ್ರಸ್ತುತ ಪ್ರಬಂಧ ಇದಕ್ಕೆ 'ಕುಕ್ಕುಟ ನ್ಯಾಯ' ಎಂದು ಹೆಸರಿಡುತ್ತದೆ.

7. ಗಾರುಡಿ ಪ್ರಕರಣ

ಉತ್ಸಾಹ ಹೆಚ್ಚಾಗಿ ಅಳಿಯ ಇನ್ನೊಂದು ಯಂತ್ರವನ್ನು, ಕೇಳಿದ್ದಕ್ಕೆಲ್ಲ ಸಲೀಸಾಗಿ ಉತ್ತರ ಬರೆಯುವ ಜಾತಿಯದನ್ನು, ಕೇಳಿದ. ಅದು ನಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದಂಥ ಲೇಖನವೊಂದನ್ನು ಕೊಟ್ಟಿತು. ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲ ಇತ್ತು. ಹುಡುಕಿದರೆ ಪತ್ರಿಕೆ ನಿಜ, ಸಂಪುಟ ನಿಜ, ಆ ಪುಟದಲ್ಲಿ ಕುರಿಯ ಜಂತುಹುಳದ ಬಗ್ಗೆ ಬರೆದಿತ್ತು. ನಮ್ಮ ಲೇಖನ ಮೂರು ಲೋಕದಲ್ಲೂ ಇರಲಿಲ್ಲ. ವಿಷಯವನ್ನು ಅಜ್ಜಿಯ ಮುಂದಿಟ್ಟೆವು.

"ಮೊರಕ್ಕೆ ಹಾಕಿದ್ದಕ್ಕಿಂತ ಜಾಸ್ತಿ ಕಾಳು ಬಂತಾ?"

"ಹೂಂ ಅಜ್ಜಿ."

"ಹಂಗಾರೆ ಅದು ಮೊರ ಅಲ್ಲ ಕಣ್ಲಾ, ಗಾರುಡಿ."

ಈ ಒಂದು ವಾಕ್ಯ ಎರಡು ಜಾತಿಯ ಯಂತ್ರಗಳನ್ನು ಬೇರ್ಪಡಿಸುತ್ತದೆ. ಕೊಟ್ಟ ರಾಶಿಯನ್ನೇ ಹಿಂದೆ ಮುಂದೆ ಮಾಡುವ ಯಂತ್ರ ತಪ್ಪಿದರೆ ಕಾಳು ಹೊಟ್ಟಿಗೆ ಹೋಗುತ್ತದೆ, ಕೋಳಿ ಹಿಡಿದುಕೊಡುತ್ತದೆ. ತಾನೇ ಕಾಳು ಸೃಷ್ಟಿಸುವ ಯಂತ್ರ ತಪ್ಪಿದರೆ, ಅದು ಗಟ್ಟಿಕಾಳಿನ ರಾಶಿಯಲ್ಲೇ ಕೂತು ಹೊಳೆಯುತ್ತದೆ. ಕೋಳಿಗೆ ತೋರಿಸಲು ಅಲ್ಲಿ ಏನೂ ಇರುವುದಿಲ್ಲ.

8. ಪಕ್ಷಪಾತ ನಿರೂಪಣೆ

ಸೋತ ಪ್ರಯೋಗಗಳು ಅಚ್ಚಾಗದೆ ಮೇಜಿನ ಖಾನೆಯಲ್ಲೇ ಉಳಿಯುತ್ತವೆಂದು ರಾಬರ್ಟ್ ರೋಸೆಂಥಾಲ್ 1979ರಲ್ಲಿ ಎಚ್ಚರಿಸಿದ. ಹಿರಿಯೂರು ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು. ನೀರು ಬಿದ್ದ ಬೋರ್‌ವೆಲ್ ಸುದ್ದಿ ಊರಿಗೆಲ್ಲ, ಬೀಳದ ಬೋರ್‌ವೆಲ್ ಸುದ್ದಿ ಸಾಲ ಕೊಟ್ಟವನಿಗೆ ಮಾತ್ರ. ಅಚ್ಚಾಗದ್ದನ್ನು ಯಾವ ಯಂತ್ರವೂ ಕೇರಿ ಕೊಡಲಾರದು.

ಕಾಲಮಿತಿಯ ಪಕ್ಷಪಾತವೂ ಉಂಟು. 'ಕಳೆದ ಐವತ್ತು ವರ್ಷಗಳ ದಾಖಲೆ ಮಾತ್ರ' ಎಂಬ ಗುಂಡಿ ಒತ್ತಿ, 2021ರಲ್ಲಿ ಯಾರಾದರೂ 'ಮಾರಿಕಣಿವೆ ಕೋಡಿ ಬೀಳುತ್ತದೆಯೆ?' ಎಂದು ಸಮೀಕ್ಷೆ ಮಾಡಿದ್ದರೆ, 'ಪುರಾವೆ ಇಲ್ಲ' ಎಂದು ಮುದ್ರೆ ಒತ್ತಬಹುದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಹಿಂದೆ ತುಂಬಿ ಹರಿದದ್ದು 1933ರಲ್ಲಿ. ನಮ್ಮ ಊಹಾ ಸಮೀಕ್ಷಕ ಪ್ರಶಸ್ತಿ ಸ್ವೀಕರಿಸಿ ಶಾಲು ಮಡಚುವಷ್ಟರಲ್ಲಿ, 2022ರಲ್ಲಿ, 130 ಅಡಿ ಮೀರಿ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ ಕಾದ ನೀರಿಗೆ ಐವತ್ತು ವರ್ಷದ ಜರಡಿ ಹಿಡಿದರೆ ಹೀಗೇ ಆಗುವುದು.

9. ಫಲಿತಾಂಶ

ಕಣಕ್ಕೆ ಬಂದದ್ದು ನಾಲ್ಕು ಪಲ್ಲ. ನಕಲು ತೆಗೆದ ಮೇಲೆ ಉಳಿದದ್ದು ಎರಡು ಪಲ್ಲ. ಶೀರ್ಷಿಕೆ, ಸಾರಾಂಶ ಕೇರಿದ ಮೇಲೆ ಹತ್ತು ಸೇರು. ಪೂರ್ತಿ ಓದಿದ ಮೇಲೆ ಒಂದು ಬೊಗಸೆ. ಆ ಬೊಗಸೆ ಹೇಳುವುದು ಇಷ್ಟೇ: ಮಣ್ಣಿನಲ್ಲಿ ಸುಣ್ಣದಂಶ ಕಡಿಮೆಯಿದ್ದರೆ, ಹೂ ಬಿಟ್ಟು ಸೂಜಿ ಇಳಿಯುವ ಹೊತ್ತಿಗೆ ಜಿಪ್ಸಂ ಕೊಟ್ಟರೆ ಕಾಯಿ ತುಂಬುತ್ತದೆ.

'ಇದು ಅಜ್ಜಿಗೆ ಮೊದಲೇ ಗೊತ್ತಿತ್ತು' ಎಂದು ಮುಗಿಸುವುದು ಇಂಥ ಪ್ರಬಂಧಗಳ ಸಂಪ್ರದಾಯ. ಗೊತ್ತಿರಲಿಲ್ಲ. "ನಮ್ ಕಾಲ್ದಾಗೆ ಜಳ್ಳು ಬಂದ್ರೆ ಹಣೆಬರಹ ಅಂತಿದ್ವಿ. ಅದಕ್ಕೂ ಗೊಬ್ರ ಐತಾ?" ಎಂದು ಅವಳೇ ಬೆರಗಾದಳು. ಮೊರ ಹಿಡಿಯಲು ಅವಳಿಂದ ಕಲಿಯಬೇಕು, ಮೊರಕ್ಕೆ ಹಾಕಿದ್ದನ್ನು ಓದಿಯೇ ಕಲಿಯಬೇಕು.

10. ಚರ್ಚೆ

ಗಾಳಿ ಬಂದಾಗ ತೂರಿಕೋ ಎಂದು ಗಾದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ, ಗಾಳಿಯಿಂದ ಕರೆಂಟು, ಕರೆಂಟಿನಿಂದ ಕಂಪ್ಯೂಟರು, ಕಂಪ್ಯೂಟರಿನಿಂದ ತೂರುವಿಕೆ. ಗಾದೆ ಇಷ್ಟು ಅಕ್ಷರಶಃ ನಿಜವಾಗುತ್ತದೆಂದು ಕಟ್ಟಿದವರೂ ನೆನೆದಿರಲಾರರು. ಆದರೆ ಗಾಳಿಗೆ ರಾಗಿಯೂ ಗೊತ್ತಿಲ್ಲ, ಹೊಟ್ಟೂ ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಯಂತ್ರ ಬಳಸಿದರೆ ಅದನ್ನು ಹೇಳಿಕೊಳ್ಳಿ, ಹೊಣೆ ಮಾತ್ರ ನಿಮ್ಮದೇ ಎಂದು ಕಾಕ್ರೇನ್ ಮತ್ತಿತರ ಬಳಗಗಳು ಈಗ ಒಟ್ಟಾಗಿ ಹೇಳುತ್ತಿವೆ. ಮೊರ ಯಾರದಾದರೂ ಇರಲಿ, ಊಟದಲ್ಲಿ ಕಲ್ಲು ಸಿಕ್ಕರೆ ಬೈಸಿಕೊಳ್ಳುವುದು ಕೇರಿದವರು.

ಹಿತಾಸಕ್ತಿ ಘೋಷಣೆ

ಪ್ರಬಂಧಕಾರ ಮತ್ತು ಅಳಿಯನಿಗೆ ಯಾವ ಹಿತಾಸಕ್ತಿಯೂ ಇಲ್ಲ. ಅವರ ತಪ್ಪುಗಳಿಗೆ ಅದೇ ಕಾರಣವಿರಬಹುದು. ಕೋಳಿಗಳಿಗೆ ಮಾತ್ರ ಫಲಿತಾಂಶದಲ್ಲಿ ನೇರ ಹಿತಾಸಕ್ತಿ ಇತ್ತು. ಬೇಡವೆಂದು ಬಿಸಾಡಿದ್ದನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಅವು ಮಾತ್ರ.

ದತ್ತಾಂಶ ಲಭ್ಯತೆ

ದತ್ತಾಂಶವನ್ನು ಕೋಳಿಗಳು ತಿಂದಿವೆ. ಜಳ್ಳು ಹಿತ್ತಲಲ್ಲಿದೆ, ಯಾರು ಬೇಕಾದರೂ ಬಂದು ಕೆದಕಬಹುದು.