ಕ್ವಾಲಿಟಿ ಮಾಮನ ಮಣಿ

ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದದ್ದು 1970ರ ದಶಕದಲ್ಲಿ. ಅದರ ಜೊತೆಗೇ ಹುಟ್ಟಿಕೊಂಡ ಒಂದು ಜಾತಿಯ ಗಂಡಸರು ಈಗ ನಮ್ಮೂರ ಬೀದಿಬೀದಿಯಲ್ಲೂ ಸಿಗುತ್ತಾರೆ. ಇವರು ಫ್ಯಾಕ್ಟರಿ ಬಿಟ್ಟು ವರ್ಷಗಳಾದವು, ಫ್ಯಾಕ್ಟರಿ ಇವರನ್ನು ಬಿಟ್ಟಿಲ್ಲ. ಬೆಳಗ್ಗೆ ಆರಕ್ಕೆ ಫಸ್ಟ್ ಶಿಫ್ಟಿನವರ ಹಾಗೆ ತಲೆ ಬಾಚಿ ಗೇಟಿಗೆ ಬಂದು ನಿಲ್ಲುತ್ತಾರೆ. ಗೇಟಿನ ಕೀಲು ಕಿರ್ ಅಂದರೆ ಎಣ್ಣೆ ಬಿಟ್ಟು ತಾರೀಖು ಬರೆದಿಡುತ್ತಾರೆ. ಹೆಂಡತಿ ಕಟ್ಟಿದ ರಾಗಿಮುದ್ದೆಯನ್ನು ತಟ್ಟೆಯಲ್ಲೇ ಒಂದು ಸುತ್ತು ತಿರುಗಿಸಿ, “ಈ ಕಡೆ ಒಸಿ ಚಪ್ಪಟೆ” ಅನ್ನುತ್ತಾರೆ.

ನಮ್ಮ ಪಕ್ಕದ ಮನೆಯ ಮಾಮ ಇವರಲ್ಲೇ ಹಿರಿಯರು. 32 ವರ್ಷ ಇನ್‌ಸ್ಪೆಕ್ಷನ್ ಸೆಕ್ಷನ್. “ನನ್ನ ಕೈ ದಾಟಿ ಒಂದೇ ಒಂದು ಡಿಫೆಕ್ಟ್ ಪೀಸ್ ಆಚೆ ಹೋಗಿಲ್ಲ ಕಣಪ್ಪಾ” ಎನ್ನುವುದು ಅವರ ನಿತ್ಯದ ಮಂತ್ರ. ಹಾಗಾಗಿ ಬೀದಿಗೆಲ್ಲ ಅವರು ಕ್ವಾಲಿಟಿ ಮಾಮ.

ಹೋದ ಆಷಾಢದಲ್ಲಿ ರಾಯಕೋಟೆ ಮಂಡಿಗೆ ಟೊಮೆಟೊ ತರಲು ಹೋದ ಮಾಮ, ಕ್ರೇಟಿನೊಳಗೆ ನಾಯಿಮರಿ ಇಟ್ಟುಕೊಂಡು ಬಂದರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿದೆ. “ಕಿವಿ ನೋಡಿ ರಿಜೆಕ್ಟ್ ಮಾಡಬೇಕಾಗಿತ್ತು. ಅಷ್ಟರಲ್ಲಿ ಕಣ್ಣು ನೋಡಿಬಿಟ್ಟೆ” ಎಂದರು. ಮರಿಗೆ ಮಣಿ ಎಂದು ಹೆಸರಾಯಿತು. ತಮಿಳು ಬೀದಿಗಳಲ್ಲಿ ಮೂರು ನಾಯಿಗೊಂದು ಮಣಿ ಇದ್ದೇ ಇರುತ್ತದೆ. ಅತ್ತೆಗೆ ಮಾತ್ರ ಬೇರೆ ಲಾಭ ಕಂಡಿತು: “ಕನ್ನಡದಲ್ಲಿ ಮಣಿ ಅಂದ್ರೆ ಬಗ್ಗು ಅಂತ. ಕರೆದಾಗೆಲ್ಲ ಬುದ್ಧಿ ಹೇಳಿದ ಹಾಗೂ ಆಯ್ತು.”

ಮೂರನೇ ದಿನ ಮಾಮ ನೆನಪಿಗೆಂದು ಇಟ್ಟುಕೊಂಡಿದ್ದ ಸೇಫ್ಟಿ ಶೂ ಹೋಯಿತು. ತೊಗಲೆಲ್ಲ ಚಿಂದಿಯಾಗಿ, ಬೆರಳಿನ ಜಾಗದ ಉಕ್ಕಿನ ಟೊಪ್ಪಿಗೆ ಮಾತ್ರ ಅಂಗಳದಲ್ಲಿ ಬಟ್ಟಲಿನ ಹಾಗೆ ಅಂಗಾತ ಬಿದ್ದಿತ್ತು. ಅದರಲ್ಲಿ ನಿಂತ ಮಳೆನೀರನ್ನು ಮಣಿ ನೆಕ್ಕುತ್ತಿತ್ತು.

ಮಾಮ ರಿಜಿಸ್ಟರ್ ತೆರೆದರು. ತಾರೀಖು, ವಸ್ತು, ನಷ್ಟ, ಕಾರಣ, ಸಹಿ. ಕಡಿದ ಸಾಮಾನಿಗೆಲ್ಲ ಕೆಂಪು ಟ್ಯಾಗ್ ಕಟ್ಟಿದರು: ಕುರ್ಚಿಯ ಕಾಲಿಗೆ, ಪೊರಕೆಗೆ, ಚಾರ್ಜರಿನ ವೈರಿಗೆ. ಬೆಳಗಾಗುವಷ್ಟರಲ್ಲಿ ಟ್ಯಾಗುಗಳಿರಲಿಲ್ಲ. ಮರುದಿನ ರಿಜಿಸ್ಟರಿನಲ್ಲೂ ‘ಕಾರಣ’ದ ಕಾಲಮ್ಮಿನಿಂದ ಆಚೆಗೆ ಪುಟವೇ ಇರಲಿಲ್ಲ.

ಬೀದಿ ಸುಮ್ಮನಿರುತ್ತದೆಯೇ? ಹಾಲಿನವನು ಹಳೇ ಚಪ್ಪಲಿ ಕೊಡಿ ಎಂದ. ಕೊಟ್ಟರು. ಹಳೆಯದು, ಹೊಸದು ಎಂಬ ಭೇದ ಮನುಷ್ಯರದು. ಮಣಿ ಅದರ ರುಚಿಯಿಂದಲೇ ಸೊಸೆಯ ಹೊಸ ಚಪ್ಪಲಿಗೆ ದಾರಿ ಕಂಡುಕೊಂಡಿತು. ಟೈಲರ್ ಅಂಗಡಿಯವರು ಮೆಣಸಿನಪುಡಿ ಕಲಸಿ ಕುರ್ಚಿ ಕಾಲಿಗೆ ಹಚ್ಚಿ ಎಂದರು. ಮಣಿ ಮೂರು ಸಲ ಸೀನಿ ಇನ್ನೊಂದು ಕಾಲಿಗೆ ಹೋಯಿತು. ಕಣ್ಣುಜ್ಜಿಕೊಂಡು ಅತ್ತದ್ದು ಮೊಮ್ಮಗ.

ಮನೆಯ ಆಜ್ಞೆಗಳದು ಇನ್ನೊಂದು ಕಥೆ. ಮಣಿ ಏನಾದರೂ ಕಚ್ಚಿದರೆ ಮಾಮ “ಬಿಡು” ಅಂತಾರೆ. ತಮಿಳು ಸ್ಕೂಲಿಗೆ ಹೋಗುವ ಮೊಮ್ಮಗ “ವಿಡು” ಅನ್ನುತ್ತಾನೆ. ಬೇರಿಕೆ ಕಡೆಯ ತೆಲುಗು ಮನೆಯಿಂದ ಬಂದ ಸೊಸೆ “ವದುಲು” ಅನ್ನುತ್ತಾಳೆ. ವಿಡುವಿನ ವಕಾರ ಅತ್ತಿಬೆಲೆ ದಾಟಿದರೆ ಬಕಾರವಾಗುತ್ತದೆ, ಎರಡೂ ಒಂದೇ ತಾಯಿಯ ಮಕ್ಕಳು ಎಂದು ನಮಗೆ ಗೊತ್ತು. ಮರಿ ಮೂರನ್ನೂ ಕೇಳಿಸಿಕೊಂಡು, ಮೂರು ಪಾರ್ಟಿಗಳೂ ಒಪ್ಪುವ ತನಕ ಕಾಯೋಣ ಎಂಬಂತೆ ಕಡಿಯುತ್ತಿತ್ತು.

ಕೊನೆಗೆ ದನದಾಸ್ಪತ್ರೆ. ಡಾಕ್ಟರು ಮರಿಯ ತುಟಿ ಎತ್ತಿ ನೋಡಿದರು. “ನಾಲ್ಕು ತಿಂಗಳು. 28 ಹಾಲುಹಲ್ಲು ಬಿದ್ದು, ಏಳು ತಿಂಗಳಾಗೋದ್ರೊಳಗೆ 42 ಹಲ್ಲು ಬರ್ಬೇಕು. ವಸಡು ನವೆಯಾಗುತ್ತೆ, ಕಡಿಯುತ್ತೆ. ಇದು ಡಿಫೆಕ್ಟ್ ಅಲ್ಲ ಸಾರ್, ಪ್ರಾಸೆಸ್ಸು.”

ಮಾಮ ಮಾತಿಲ್ಲದೆ ಕುಳಿತರು. ತಮ್ಮ ಭಾಷೆಯಲ್ಲಿ ಅವರನ್ನು ಯಾರೂ ಹೀಗೆ ಸೋಲಿಸಿರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು: ಒದ್ದೆ ಬಟ್ಟೆ ಗಂಟು ಹಾಕಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕೊಡಿ, ಚೂರು ಹರಿದು ನುಂಗದ ಹಾಗೆ ಎದುರಿಗೇ ಕೂತಿರಿ. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಬಾಯಲ್ಲಿರುವುದನ್ನು ಕಿತ್ತುಕೊಳ್ಳಬೇಡಿ, ಬೇರೆ ಕೊಟ್ಟು ಬಿಡಿಸಿ. ಕಡಿದು ಗಂಟೆಯಾದ ಮೇಲೆ ಬೈದರೆ ಯಾಕೆ ಬೈದಿರೆಂದು ಅದಕ್ಕೆ ತಿಳಿಯದು. ಮನೆಮಂದಿಗೆಲ್ಲ ಒಂದೇ ಮಾತು ಇರಲಿ. ದಿನಾ ಓಡಾಡಿಸಿ.

ಮನೆಗೆ ಬಂದ ಮಾಮ ಜಪಾನಿನವರಿಂದ ಕಲಿತ ಫೈವ್ ಎಸ್ ಪಾಠ ತೆಗೆದರು. ಮೊದಲನೆಯದು ‘ಸೇರಿ’, ಬೇಡದ್ದನ್ನು ಬೇರ್ಪಡಿಸಿ ತೆಗೆದಿಡುವುದು. ಕೊನೆಯದು ‘ಶಿತ್ಸುಕೆ’, ಶಿಸ್ತು. ಮಕ್ಕಳಿಗೆ, ನಾಯಿಗೆ ನಡತೆ ಕಲಿಸುವುದಕ್ಕೂ ಜಪಾನಿನಲ್ಲಿ ಇದೇ ಮಾತು. ಮಾಮ ಅದನ್ನು 32 ವರ್ಷ ಆಪರೇಟರುಗಳಿಗೆ ಮಾತ್ರ ಹೇಳಿದ್ದರು. ಆಮೇಲೆ ತಪ್ಪಿನ ಬೇರು ಹುಡುಕುವ ಐದು ‘ಯಾಕೆ’ ಬರೆಯಲು ಕುಳಿತರು. ಶೂ ಯಾಕೆ ಹೋಯಿತು? ಮರಿ ಕಡಿಯಿತು. ಯಾಕೆ ಕಡಿಯಿತು? ಹಲ್ಲು ನವೆ. ಶೂನೇ ಯಾಕೆ? ಎದುರಿಗೇ ಇತ್ತು. ಯಾಕಿತ್ತು? ಬಿಟ್ಟ ಜಾಗದಲ್ಲೇ ಇತ್ತು. ಯಾಕೆ ಎತ್ತಿಡಲಿಲ್ಲ? ಪೆನ್ನು ಸ್ವಲ್ಪ ಹೊತ್ತು ನಿಂತಿತು. “ಆಪರೇಟರ್ ತಪ್ಪು” ಎಂದು ಬರೆದು ತಾವೇ ಸಹಿ ಹಾಕಿದರು.

ಈಗ ಸಂಜೆ ಮಣಿಗೆ ರಾಮನಾಯಕನ ಕೆರೆ ಕಡೆ ಓಡಾಟ. ಬಂದ ಮೇಲೆ ಉಳವರ್ ಸಂದೈಯ, ಅಂದರೆ ರೈತರ ಸಂತೆಯ, ಕ್ಯಾರೆಟ್. ಮೂರು ಭಾಷೆಯ ಮನೆಯಲ್ಲಿ “ಬಿಡು” ಗೆದ್ದಿದೆ. ಮೊನ್ನೆ ಹೊಸ್ತಿಲ ಬಳಿ ಮರಿ ಮಲಗಿತ್ತು, ಪಕ್ಕದಲ್ಲೇ ಮಾಮನ ಚಪ್ಪಲಿ. ಅತ್ತೆ ಒಳಗಿನಿಂದ “ಮಣೀ!” ಎಂದು ಕೂಗಿದರು. ಮರಿ ಕದಲಲಿಲ್ಲ. ಮಾಮ ಬಗ್ಗಿ ಚಪ್ಪಲಿ ಎತ್ತಿಟ್ಟರು.