ಶ್ವಾನಸಹಿತ ದ್ರಾಕ್ಷಾತಟಾಕಯಾತ್ರಾ ನಿರ್ಣಯ

ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು, ಅಪ್ಪನ ಆಸ್ತಿ ಮಗನಿಗೆ ಹೇಗೆ ದಕ್ಕಬೇಕೆಂಬುದನ್ನು ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ ಇತ್ಯರ್ಥ ಮಾಡಿದ. ನಾಯಿ ಕಟ್ಟಿಕೊಂಡು ಕೆರೆದಂಡೆಯ ವೈನರಿಗಳನ್ನು ಸುತ್ತಬಹುದೇ ಎಂಬುದನ್ನು ಮಾತ್ರ ನಮ್ಮಂಥವರಿಗೆ ಬಿಟ್ಟುಹೋದ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಕ್ಷರ ಮಿತವಾಗಿರುವುದೆಂಬ ಭರವಸೆ ಕೊಡಲಾರೆ.

ಪ್ರಶ್ನೆ ಹುಟ್ಟಿದ್ದು ವಾಟ್ಸಾಪಿನಲ್ಲಿ. ಅಮೆರಿಕದಲ್ಲಿರುವ ಅಕ್ಕನ ಮಗ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸಿನಿಂದ ಫೋಟೊ ಕಳಿಸಿದ್ದ: ಹಿಂದೆ ಸರೋವರ, ಕೈಯಲ್ಲಿ ಗ್ಲಾಸು, ಕಾಲಬುಡದಲ್ಲಿ ನಾಯಿ. ಬೆರಳುಗಳ ಹಾಗೆ ಉದ್ದುದ್ದ ಮಲಗಿದ 11 ಸರೋವರಗಳು ಅಲ್ಲಿವೆ. ಆಳವಾದ ನೀರು ಬೇಸಿಗೆಯ ಶಾಖವನ್ನು ಹಿಡಿದಿಟ್ಟು ಚಳಿಗಾಲದಲ್ಲಿ ಮೆಲ್ಲಗೆ ಬಿಡುವುದರಿಂದ ದಂಡೆಯ ದ್ರಾಕ್ಷಿಬಳ್ಳಿ ಹಿಮಕ್ಕೆ ಸಾಯುವುದಿಲ್ಲವಂತೆ. ಕಲಬುರಗಿಗೆ ಈ ನ್ಯಾಯ ಅನ್ವಯಿಸದು. ಮೇ ತಿಂಗಳ 43 ಡಿಗ್ರಿಯಲ್ಲಿ ನಮ್ಮನ್ನು ಬೆಚ್ಚಗಿಡಲು ಯಾವ ಕೆರೆಯೂ ಬೇಕಿಲ್ಲ.

ಆದರೂ ಕ್ಷೇತ್ರಕಾರ್ಯ ಬಿಡಲಾದೀತೇ? ನಮ್ಮ ಓಣಿಯ ಮೋತಿಯನ್ನು ಸಹಸಂಶೋಧಕನಾಗಿ ನೇಮಿಸಿ (ಗೌರವಧನ: ದಿನಕ್ಕೆ ಎರಡು ಜೋಳದ ರೊಟ್ಟಿ) ಮೊದಲು ಊರೊಳಗಿನ ಅಪ್ಪನ ಕೆರೆಗೆ ಹೋದೆ. ಕೆರೆ ಇತ್ತು, ನಾಯಿ ಇತ್ತು, ವೈನರಿ ಇರಲಿಲ್ಲ. ರಸ್ತೆಬದಿಯ ತಳ್ಳುಗಾಡಿಯಲ್ಲಿ ದ್ರಾಕ್ಷಿ ಜ್ಯೂಸು ಸಿಕ್ಕಿತು. ಆಸ್ವಾದನ ಟಿಪ್ಪಣಿ: ಬಣ್ಣ ನೀಲಿಮಿಶ್ರಿತ ನೇರಳೆ, ಪರಿಮಳದಲ್ಲಿ ಬರ್ಫು, ಚಾಟ್ ಮಸಾಲೆ, ದೂರದಲ್ಲೆಲ್ಲೋ ಡೀಸೆಲ್ಲು, ನಾಲಗೆಯ ಮೇಲೆ ಉಳಿಯುವ ಕೊನೆಯ ರುಚಿ ಸಕ್ಕರೆ. ಮೋತಿ ಕತ್ತು ಚಾಚಿದ. ನಾನು ಗ್ಲಾಸನ್ನು ಎತ್ತಿ ಹಿಡಿದೆ. ಏಕೆಂದರೆ ಇಲ್ಲಿಯೇ ವಿಷಯದ ಗಂಟು ಇರುವುದು: ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಗೆ ವಿಷ, ನಾಲ್ಕು ಕಾಳು ತಿಂದರೂ ಮೂತ್ರಪಿಂಡ ಕೆಡಬಹುದು. ದ್ರಾಕ್ಷಿತೋಟಕ್ಕೆ ನಾಯಿಯನ್ನು ಕರೆದೊಯ್ಯುವುದೆಂದರೆ ಸಕ್ಕರೆ ಕಾಯಿಲೆಯ ಮಾವನನ್ನು ಮಾಲದಿ ಮಾಡುವ ಮನೆಗೆ ಕರೆದೊಯ್ದಂತೆ. ಅಮೆರಿಕದ ಪಂಡಿತರು ಇದನ್ನು ಫೋಟೊದಲ್ಲಿ ಕಾಣಿಸಿಲ್ಲ.

ಅಪ್ಪನ ಕೆರೆ ಕೈಕೊಟ್ಟ ಮೇಲೆ ಮುಂದಿನ ಗುರಿ ಕಮಲಾಪುರ. ಇಲ್ಲೊಂದು ಪಾಠಾಂತರದ ಪ್ರಶ್ನೆ. ಕಮಲಾಪುರದ ದೊಡ್ಡ ಕೆರೆಯೆಂದು ಕೆಲವರು ಹೇಳುವುದು ಹಂಪಿಯ ಪಕ್ಕದ ಕಮಲಾಪುರದ್ದು. ಅದು ವಿಜಯನಗರ ಜಿಲ್ಲೆ, ಆಸುಪಾಸಿನಲ್ಲಿ ದರೋಜಿಯ ಕರಡಿಗಳು. ನಾಯಿಯ ಜೊತೆಗೆ ಕರಡಿಯನ್ನೂ ಸೇರಿಸಿದರೆ ಪ್ರಬಂಧ ಕೈಮೀರುತ್ತದೆ. ನಮ್ಮದು ಹುಮನಾಬಾದ್ ರಸ್ತೆಯ ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು.

ಶ್ವಾನಸಾಂಗತ್ಯಕ್ಕೆ ನಮ್ಮಲ್ಲಿ ಪ್ರಮಾಣಕ್ಕೇನು ಬರವಿಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತಾತ್ರೇಯನ ಸುತ್ತ ನಾಲ್ಕು ನಾಯಿ, ಅವು ನಾಲ್ಕು ವೇದ. ಅಲ್ಲಿ ಭೀಮಾ–ಅಮರ್ಜಾ ಸಂಗಮವೂ ಇರುವುದರಿಂದ ನೀರು, ನಾಯಿ ಎರಡೂ ಒಟ್ಟಿಗೆ ಸಿದ್ಧಿಸುತ್ತವೆ. ಪಾನಪಕ್ಷಕ್ಕೆ ಹೆಂಡದ ಮಾರಯ್ಯನಿದ್ದಾನೆ. ಈ ಶರಣನ ಕಾಯಕವೇ ಹೆಂಡ ಮಾರುವುದು, ವಚನಗಳ ಅಂಕಿತ ಧರ್ಮೇಶ್ವರಲಿಂಗ. ಕಮಲಾಪುರ ದಾಟಿ ಮುಂದೆ ಹೋದರೆ ಶರಣರ ಬಸವಕಲ್ಯಾಣವೂ ದೂರವಿಲ್ಲ. ಆದರೆ ನಿರ್ಣಾಯಕ ಪ್ರಮಾಣ ಮೈಲಾರಲಿಂಗನ ಭಕ್ತರಾದ ಗೊರವರದು. ದೋಣಿ ಸೇವೆಯಲ್ಲಿ ಅವರು ದೋಣಿಯೆಂಬ ಪಾತ್ರೆಯೊಳಗಿನ ಹಾಲು, ತುಪ್ಪ, ಬಾಳೆಹಣ್ಣಿಗೆ ನೇರ ಬಾಯಿಹಾಕಿ, ನಾಯಿಯಂತೆ ಬೊಗಳುತ್ತ ತಿನ್ನುತ್ತಾರೆ. ದ್ರಾಕ್ಷಿಯನ್ನು ಯಾರೂ ಹಾಕುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಪರಂಪರೆ ತನ್ನ ಪಶುವೈದ್ಯವನ್ನು ಬಲ್ಲದು.

ಆದ್ದರಿಂದ ಸಿದ್ಧಾಂತ: ಯಾತ್ರೆ ಬಾಳೆಯದೇ ಆಗಬೇಕು. ಸುಮಾರು 35 ಕಿ.ಮೀ. ದೂರದ ಕಮಲಾಪುರಕ್ಕೆ ಕ್ರೂಸರ್ ಹತ್ತಿದೆವು. ಡ್ರೈವರ್ ಮೋತಿಯನ್ನು ನೋಡಿ, “ಇದಕ್ಕ ಫುಲ್ ಟಿಕೀಟ ಏನ್ರಿ, ಹಾಫ್ ಟಿಕೀಟ?” ಎಂದ. ಕಾಲು ನಾಲ್ಕಿರುವುದರಿಂದ ಎರಡು ಫುಲ್ ಆಗಬೇಕೆಂಬ ವಾದವನ್ನು ಹಿಂದಿನ ಸೀಟಿನವರು ಮಂಡಿಸಿದರು. ಕಮಲಾಪುರ ಬರುವವರೆಗೂ ಅದು ಇತ್ಯರ್ಥವಾಗಲಿಲ್ಲ.

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಸಿಪ್ಪೆ ಇಟ್ಟಿಗೆಯ ಕೆಂಪು, ಒಳಗೆ ಕೆನೆಯ ಬಣ್ಣ. ನೆಟ್ಟಮೇಲೆ ಗೊನೆ ಕೈಗೆ ಬರಲು ಒಂದೂವರೆ ವರ್ಷದ ತಾಳ್ಮೆ ಬೇಕು. ಬೆಲೆ ಕೇಳಿದರೆ ಶ್ರೀಮಂತರ ಹಣ್ಣೆಂದು ಹೆಸರು ಬಂದದ್ದು ಯಾಕೆಂದು ತಿಳಿಯುತ್ತದೆ. ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯಿಂದ ಎರಡು ಕೊಂಡು ಒಂದನ್ನು ಸುಲಿದು ಮೋತಿಯ ಮುಂದೆ ಹಿಡಿದೆ.

“ಯವ್ವಾ, ಇದು ನಾಯಿಗೇನ್ರಿ? ಮನಷ್ಯಾರಿಗೇ ಸಿಗವಲ್ದು!” ಅಂದಳು.

ಮೋತಿ ಮೂಸಿದ, ನೆಕ್ಕಿದ, ಎರಡೇ ಗುಕ್ಕಿಗೆ ಮುಗಿಸಿದ. ನಾನು ಪುಸ್ತಕ ತೆಗೆದು ‘ಪರಿಮಳ ಸೌಮ್ಯ, ತಿರುಳು ಮೃದು, ಸಹಸಂಶೋಧಕರ ಸಮ್ಮತಿ ಪೂರ್ಣ’ ಎಂದು ಬರೆಯುತ್ತಿದ್ದೆ. ‘ಪೂರ್ಣ’ದ ಅರ್ಕಾವತ್ತು ಎಳೆಯುವಷ್ಟರಲ್ಲಿ ಅಜ್ಜಿ ತೋಳು ಹಿಡಿದು ಎಳೆದಳು.

“ಬರಿಯೋದು ಆಮ್ಯಾಲ ಬರೀರಿ ಸಾಹೇಬ್ರ. ನೀವು ಎರಡರ ರೊಕ್ಕ ಕೊಟ್ಟೀರಿ, ಅದು ಬುಟ್ಟ್ಯಾಗಿಂದ ಮತ್ತ ಮೂರು ತಿಂದದ.”